ಆಸ್ಟನ್ ಮಾರ್ಟಿನ್ ಏಳು ಸಲ ಮುಳುಗಿದ್ದು ಯಾಕೆ? ಹಳೆಯ ವ್ಯಾಂಟೇಜ್ ಕೊಳ್ಳಬಹುದೇ?

ನೀವು ಕೇಳಿದ್ದು ಎರಡು. ಏಳು ಸಲ ದಿವಾಳಿಯಾದ ಬ್ರಿಟಿಷ್ ಕಾರು ಕಂಪನಿ ಆಸ್ಟನ್ ಮಾರ್ಟಿನ್ ಇವತ್ತಿಗೂ ಹೇಗೆ ಉಳಿದಿದೆ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನೀವು ಅದರ ಎಂಟು ಸಿಲಿಂಡರಿನ ಹಳೆಯ ಸ್ಪೋರ್ಟ್ಸ್ ಕಾರು ವಿ8 ವ್ಯಾಂಟೇಜ್ ಕೊಳ್ಳಬಹುದೇ. ಎರಡಕ್ಕೂ ಬಾನೆಟ್ ಎತ್ತಿಯೇ ಉತ್ತರ ಹೇಳಬೇಕು. ಎಂಜಿನ್ ಯಾರದ್ದು ಅಂತ ನೋಡುತ್ತಾ ಹೋದರೆ, ಆಯಾ ಕಾಲಕ್ಕೆ ಕಂಪನಿಯ ಗಂಟು ಯಾರ ಕೈಯಲ್ಲಿತ್ತು ಅನ್ನುವುದೂ ತಿಳಿಯುತ್ತದೆ.

1913ರಲ್ಲಿ ಲಯನೆಲ್ ಮಾರ್ಟಿನ್ ಮತ್ತು ರಾಬರ್ಟ್ ಬ್ಯಾಮ್‌ಫರ್ಡ್ ಲಂಡನ್ನಿನಲ್ಲಿ ಶುರು ಮಾಡಿದ ಕಂಪನಿ ಇದು. ಹೆಸರಿನ ಅರ್ಧ ಮಾರ್ಟಿನ್‌ದು, ಇನ್ನರ್ಧ ಆಸ್ಟನ್ ಕ್ಲಿಂಟನ್ ಹತ್ತಿರ ಗುಡ್ಡ ಹತ್ತುವ ರೇಸಿನದು. ಎರಡು ಮಹಾಯುದ್ಧಗಳ ನಡುವೆ ಒಡೆಯರು ಬದಲಾಗುತ್ತಲೇ ಹೋದರು. 1947ರಲ್ಲಿ ಟ್ರ್ಯಾಕ್ಟರ್, ಗೇರ್ ಚಕ್ರ ಮಾಡುತ್ತಿದ್ದ ಡೇವಿಡ್ ಬ್ರೌನ್ ಪತ್ರಿಕೆಯ ಜಾಹೀರಾತು ನೋಡಿ 20,500 ಪೌಂಡಿಗೆ ಕೊಂಡರು. ಆಸ್ಟನ್ ಕಾರುಗಳ ಹೆಸರಿನಲ್ಲಿ ಬರುವ ಡಿಬಿ ಅನ್ನುವುದು ಅವರದೇ ಇನಿಷಿಯಲ್. ಅದೇ ವರ್ಷ ಲಗೊಂಡಾ ಅನ್ನುವ ಇನ್ನೊಂದು ಕಾರು ಕಂಪನಿಗೆ ಅವರು ಇದರ ಎರಡರಷ್ಟಕ್ಕೂ ಹೆಚ್ಚು ದುಡ್ಡು ಸುರಿದರು. ಮುಖ್ಯ ಕಾರಣ, ಅಲ್ಲಿ ಬೆಂಟ್ಲಿ ಕಾರಿನ ಜನಕ ಡಬ್ಲ್ಯು. ಒ. ಬೆಂಟ್ಲಿ ಉಸ್ತುವಾರಿಯಲ್ಲಿ ತಯಾರಾದ 2.6 ಲೀಟರಿನ ಆರು ಸಿಲಿಂಡರ್ ಎಂಜಿನ್ ಇತ್ತು. ಡಿಬಿ2 ಓಡಿದ್ದು ಅದರಿಂದಲೇ.

ಲಗೊಂಡಾ ಎಂಜಿನ್ ಬದಲು ಸ್ವಂತದ್ದು ಬಂದದ್ದು 1958ರ ಡಿಬಿ4ಗೆ, ಎಂಜಿನಿಯರ್ ತಾಡೆಕ್ ಮಾರೆಕ್ ಕೈಯಿಂದ. ಮರುವರ್ಷ ರೇಸ್ ಕಾರು ಡಿಬಿಆರ್1 ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸ್ ಗೆದ್ದಿತು. 1963ರಲ್ಲಿ ಡಿಬಿ5 ಬಂತು, ಜೇಮ್ಸ್ ಬಾಂಡ್ ಕಾರು ಅಂತ ಲೋಕಕ್ಕೆಲ್ಲ ಗೊತ್ತಾಯಿತು. ಅದು ಒಟ್ಟು ತಯಾರಾದದ್ದು ಎಷ್ಟು ಅಂತೀರಿ? ಸಾವಿರದ ಚಿಲ್ಲರೆ, ಅಷ್ಟೇ. ಹೊಸ ಎಂಜಿನ್, ಹೊಸ ಷಾಸಿ (ಕಾರಿನ ಅಡಿಯ ಚೌಕಟ್ಟು) ಮಾಡುವ ಖರ್ಚನ್ನು ಅಷ್ಟೇ ಕಾರುಗಳ ಮೇಲೆ ಹಂಚಿದರೆ ಲೆಕ್ಕ ಎಲ್ಲಿ ಕೂಡೀತು? 1972ರಲ್ಲಿ ಬ್ರೌನ್ ಸಾಲ ತೀರಿಸಿ ನೂರು ಪೌಂಡಿನ ಆಸುಪಾಸಿಗೆ ಕಂಪನಿ ಕೈಬಿಟ್ಟರು. 1974ರ ಕೊನೆಗೆ ಮತ್ತೆ ಬಾಗಿಲು ಮುಚ್ಚಿತು.

ನನ್ನ ಪ್ರಕಾರ ಕಂಪನಿಯನ್ನು ನಿಜವಾಗಿ ಬದುಕಿಸಿದ್ದು 1987ರಲ್ಲಿ ಪಾಲು ಕೊಂಡ ಫೋರ್ಡ್. ಡಿಬಿ7 ನೋಡಿ, ಎಲ್ಲ ಫೋರ್ಡ್ ಬಳಗದ ಸಾಮಾನು: ಅಡಿಯ ಷಾಸಿ ಜಾಗ್ವಾರ್ ಎಕ್ಸ್‌ಜೆಎಸ್ ಮೂಲದ್ದು, ಎಂಜಿನ್ ಜಾಗ್ವಾರ್‌ನ ಆರು ಸಿಲಿಂಡರಿಗೆ ಸೂಪರ್‌ಚಾರ್ಜರ್ ಕೂರಿಸಿದ್ದು, ಹಿಂದಿನ ದೀಪ ಮಜ್ದಾ 323 ಎಫ್‌ನದು. ಈ ದೀಪದ ಬಗ್ಗೆ ಇವತ್ತಿಗೂ ಗೇಲಿ ಮಾಡುವವರಿದ್ದಾರೆ. ಆದರೆ ಆ ಎರವಲು ಸಾಮಾನಿನ ಕಾರು 7,000ದಷ್ಟು ಮಾರಾಟವಾಯಿತು, ಅಲ್ಲಿಯವರೆಗಿನ ಯಾವ ಆಸ್ಟನ್ನೂ ಅಷ್ಟು ಹೋಗಿರಲಿಲ್ಲ. ಆಮೇಲೆ ಇಂಗ್ಲೆಂಡಿನ ಗೇಡನ್‌ನಲ್ಲಿ ಕಾರ್ಖಾನೆ, ಅಲ್ಯೂಮಿನಿಯಂ ಭಾಗಗಳನ್ನು ಅಂಟಿನಿಂದ ಜೋಡಿಸುವ ಹೊಸ ಷಾಸಿ, 2004ರ ಡಿಬಿ9, 2005ರ ವಿ8 ವ್ಯಾಂಟೇಜ್. 2007ರಲ್ಲಿ ಫೋರ್ಡ್ ಮಾರಿಕೊಂಡು ಹೋದ ಮೇಲೆ ಹೊಸ ಷಾಸಿಗೆ ದುಡ್ಡಿಲ್ಲ. ಫೋರ್ಡ್ ಕಾಲದ್ದನ್ನೇ ಎಳೆದಾಡಿ ಒಂದರಂತೆ ಒಂದು ಕಾಣುವ ಕಾರು ಬಿಟ್ಟರು. ಡಿಬಿ11 ಬರಲು 2016 ಆಯಿತು. ಅಷ್ಟರಲ್ಲಿ 2013ರ ಒಪ್ಪಂದದಂತೆ ವಿ8 ಎಂಜಿನ್ ಕೊಡುವುದಕ್ಕೆ ಮರ್ಸಿಡಿಸ್ ಎಎಂಜಿ ಬಂದಿತ್ತು.

ಈಗಿನ ಸ್ಥಿತಿ: 2018ರಲ್ಲಿ ಶೇರು 19 ಪೌಂಡಿಗೆ ಮಾರುಕಟ್ಟೆಗೆ ಬಂತು, ಬಂದ ದಿನದಿಂದಲೇ ಇಳಿಯಿತು. 2020ರಲ್ಲಿ ಕೆನಡಾದ ಲಾರೆನ್ಸ್ ಸ್ಟ್ರೋಲ್ ಗುಂಪು ದುಡ್ಡು ಹಾಕಿತು. ಆ ವರ್ಷದ ಕೊನೆಗೆ 20 ಶೇರು ಸೇರಿಸಿ ಒಂದು ಮಾಡಿದರು. ಆಮೇಲೆ ಸೌದಿಯ ಸರ್ಕಾರಿ ಹೂಡಿಕೆ ನಿಧಿ ಪಿಐಎಫ್, ಚೀನಾದ ಕಾರು ಕಂಪನಿ ಗೀಲಿ ಕೂಡ ಪಾಲು ತೆಗೆದುಕೊಂಡವು. 2024ರಲ್ಲಿ ಡೀಲರುಗಳಿಗೆ ಕೊಟ್ಟದ್ದು 6,030 ಕಾರು, ತೆರಿಗೆಗೆ ಮುಂಚಿನ ನಷ್ಟ ಸುಮಾರು 29 ಕೋಟಿ ಪೌಂಡ್, ನಿವ್ವಳ ಸಾಲ 116 ಕೋಟಿ. ಭಾಗಿಸಿ ನೋಡಿ: ಕಾರಿಗೆ 48,000 ಪೌಂಡಿನಷ್ಟು ನಷ್ಟ. ವೇಲ್ಸ್‌ನಲ್ಲಿ ತಯಾರಾಗುವ ಡಿಬಿಎಕ್ಸ್ ಎಸ್‌ಯುವಿ, 999 ಮಾತ್ರ ತಯಾರಾಗುವ ಹೈಬ್ರಿಡ್ ವಲ್ಹಲ್ಲಾ, ಇವೆರಡರ ಮೇಲೆ ಕಂಪನಿ ಆಸೆ ಇಟ್ಟುಕೊಂಡಿದೆ. ಪೂರ್ಣ ಎಲೆಕ್ಟ್ರಿಕ್ ಕಾರನ್ನು ಮುಂದೂಡುತ್ತಲೇ ಇದ್ದಾರೆ. ಶೇರು ಕೊಳ್ಳಲಾ ಅಂತ ನೀವು ಕೇಳಿಲ್ಲ, ಒಳ್ಳೆಯದಾಯಿತು.

ಕಾರಿನ ವಿಷಯ ಬೇರೆ. ಕಂಪನಿ ಮುಳುಗೆದ್ದರೂ ಹಳೆಯ ಕಾರುಗಳಿಗೆ ಬಿಡಿಭಾಗ ಸಿಗುತ್ತಲೇ ಬಂದಿದೆ. ವಿ8 ವ್ಯಾಂಟೇಜ್‌ನಲ್ಲಿ ಮೊದಲು 4.3 ಲೀಟರಿನ ಎಂಜಿನ್, 2008ರಿಂದ 4.7. ದುಡ್ಡು ಸಾಕಾದರೆ 4.7, ಅದೂ ಮ್ಯಾನುಯಲ್ ಗೇರಿನದು ಹುಡುಕಿ. ಇನ್ನೊಂದು ಬಗೆಯ ಗೇರ್‌ಬಾಕ್ಸ್ ಸ್ಪೋರ್ಟ್‌ಶಿಫ್ಟ್, ಆಟೋಮ್ಯಾಟಿಕ್‌ನಂತೆ ಕಂಡರೂ ಒಳಗಿರುವುದು ಮಾಮೂಲಿ ಕ್ಲಚ್ಚೇ, ಅದನ್ನು ಒತ್ತಲು ಯಂತ್ರ ಇಟ್ಟಿದ್ದಾರೆ. ಏರಿನಲ್ಲಿ ರಿವರ್ಸ್ ಹಾಕಿ ಇಂಚಿಂಚು ಸರಿಸುತ್ತಿದ್ದರೆ ಕ್ಲಚ್ ಬೇಗ ಸುಟ್ಟುಹೋಗುತ್ತದೆ. ಕ್ಲಚ್ ಇರುವುದು ಎಂಜಿನ್ ಹತ್ತಿರ, ಗೇರ್‌ಬಾಕ್ಸ್ ಇರುವುದು ಹಿಂದಿನ ಚಕ್ರಗಳ ನಡುವೆ. ಕ್ಲಚ್ ಮುಟ್ಟಬೇಕಾದರೆ ಗೇರ್‌ಬಾಕ್ಸೂ ಎರಡನ್ನೂ ಕೂಡಿಸುವ ಕೊಳವೆಯೂ ಇಳಿಯಬೇಕು. ಬಿಲ್ಲಿನಲ್ಲಿ ಕೂಲಿಯದೇ ದೊಡ್ಡ ಪಾಲು. ಹಿಂದಿನ ಕ್ಲಚ್ ಕೆಲಸದ ರಸೀದಿ ಕೇಳಿ.

ಬಾಗಿಲ ಹಿಡಿಕೆ, ಕನ್ನಡಿಯ ಬುಡದಲ್ಲಿ ಬೆರಳಾಡಿಸಿ. ಬಣ್ಣದಡಿ ಗುಳ್ಳೆ ಸಿಕ್ಕರೆ ಅಲ್ಯೂಮಿನಿಯಂ ಸವೆಯುತ್ತಿದೆ ಅಂತ ಅರ್ಥ; ಬೇರೆ ಲೋಹದ ಜೊತೆ ಸೇರಿ ಉಪ್ಪುನೀರು ಕುಡಿದರೆ ಹೀಗಾಗುತ್ತದೆ, ಇಂಗ್ಲೆಂಡಿನ ಚಳಿಗಾಲದ ರಸ್ತೆಯಲ್ಲಿ ಉಪ್ಪಿಗೆ ಬರವಿಲ್ಲ. ಮೇಲೆ ಬಣ್ಣ ಬಳಿದರೆ ಮತ್ತೆ ಏಳುತ್ತದೆ. 4.3ರಲ್ಲಿ ಟೈಮಿಂಗ್ ಕವರ್ ಸುತ್ತ ಆಯಿಲ್ ಜಿನುಗುವುದು ಸಾಮಾನ್ಯ, ಎಂಜಿನ್ ಮುಂಭಾಗಕ್ಕೆ ಟಾರ್ಚ್ ಹಿಡಿದು ನೋಡಿ. ಡ್ರೈ ಸಂಪ್ ಎಂಜಿನ್ (ಆಯಿಲ್ ಬೇರೆ ತೊಟ್ಟಿಯಲ್ಲಿರುತ್ತದೆ) ಆದ್ದರಿಂದ ಆಯಿಲ್ ಮಟ್ಟವನ್ನು ತಣ್ಣಗಿದ್ದಾಗ ನೋಡಬೇಡಿ, ತಪ್ಪು ತೋರಿಸುತ್ತದೆ. ಪೂರ್ತಿ ಬಿಸಿ ಮಾಡಿ, ಆಫ್ ಮಾಡಿ, ಕಾರಿನ ಕೈಪಿಡಿ ಹೇಳಿದಷ್ಟು ನಿಮಿಷ ಬಿಟ್ಟು ಆಯಿಲ್ ಅಳೆಯುವ ಕಡ್ಡಿ ಎಳೆಯಿರಿ. ಆಯಿಲ್ ಕಡಿಮೆ ಅಂದುಕೊಂಡು ಹೆಚ್ಚು ಸುರಿದು ಕೆಡಿಸಿದವರು ಬಹಳ. ಬ್ಯಾಟರಿ ಸೊರಗಿದರೆ ಡ್ಯಾಶ್‌ಬೋರ್ಡಿನಲ್ಲಿ ಇಲ್ಲದ ರೋಗಗಳೆಲ್ಲ ಕಾಣಿಸಿಕೊಳ್ಳುತ್ತವೆ, ಬಾಗಿಲು ತೆರೆವಾಗ ಗಾಜು ತುಸು ಕೆಳಗಿಳಿಯುವುದೂ ನಿಲ್ಲುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಚಾರ್ಜರಿಗೆ ಜೋಡಿಸಿಡಿ.

ಊರಿಗೆ ತರುವ ಯೋಚನೆ ಬಿಡಿ, ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು, ವಿಂಟೇಜ್ ಹೊರತು, ಭಾರತ ಒಳಗೆ ಬಿಡುವುದಿಲ್ಲ.

ಕೊನೆಗೊಂದು ಪರೀಕ್ಷೆ. 2014ರಲ್ಲಿ 17,590 ಕಾರುಗಳನ್ನು ವಾಪಸ್ ಕರೆಸಿದ್ದರು: ಆಕ್ಸಿಲರೇಟರ್ ಪೆಡಲಿನ ತೋಳಿಗೆ ಚೀನಾದ ಉಪಗುತ್ತಿಗೆದಾರನೊಬ್ಬ ನಕಲಿ ಪ್ಲಾಸ್ಟಿಕ್ ಬಳಸಿದ್ದ, ಮುರಿಯುವ ಅಪಾಯವಿತ್ತು. ಬಲಗೈ ಸ್ಟಿಯರಿಂಗಿನ ಕಾರುಗಳಲ್ಲಿ 2012ರ ಮೇ ನಂತರದವು ಇದರಲ್ಲಿ ಬರುತ್ತವೆ. ನೀವು ನೋಡಿರುವ ಕಾರು ಆ ಅವಧಿಯದ್ದಾದರೆ, ಮುಂಗಡ ಕೊಡುವ ಮುಂಚೆ ಷಾಸಿ ನಂಬರ್ ಕೊಟ್ಟು ಡೀಲರ್ ಹತ್ತಿರ ಪೆಡಲ್ ಬದಲಾಗಿದೆಯೇ ಅಂತ ಬರಹದಲ್ಲೇ ತೆಗೆದುಕೊಳ್ಳಿ.