ದುಡಿ ಯಾವುದರ ಸಂಕೇತ?

ನಮ್ಮ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗಳು ಪ್ಲಸ್ ಟು. ಕ್ಲಾಸ್ ಟೆಸ್ಟಿನಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯ ಬಗ್ಗೆ ಒಂದು ಪ್ರಶ್ನೆ ಬಂತಂತೆ: ‘ದುಡಿ ಯಾವುದರ ಸಂಕೇತ? ವಿವರಿಸಿ.’ ಐದು ಅಂಕದ ಪ್ರಶ್ನೆ. ಹುಡುಗಿಗೆ ಸಿಕ್ಕಿದ್ದು ಒಂದು. ‘ಇವಳಿಗೆ ಸಂಕೇತ ಅಂದರೆ ಏನೆಂದೇ ತಿಳಿಯುವುದಿಲ್ಲ. ಹಳೆಯ ಕೃತಿಗಳ ವಸ್ತು, ಪಾತ್ರ, ಸಂಕೇತ ಎಲ್ಲವನ್ನೂ ಬಿಡಿಸಿ ಹೇಳುವ ಒಳ್ಳೆಯ ಗೈಡ್ ಇದ್ದರೆ ತಿಳಿಸಿ’ ಎಂದು ಕೇಳಿದ್ದಾರೆ. ಪುಣ್ಯಕ್ಕೆ ಮಗಳ ಉತ್ತರವನ್ನೂ ಹಾಗೇ ನಕಲು ಮಾಡಿ ಕಳಿಸಿದ್ದಾರೆ. ಅದು ಹೀಗಿದೆ:

‘ದುಡಿ ಚರ್ಮದ ವಾದ್ಯ. ಚೋಮ ಕಳ್ಳು ಕುಡಿದಾಗ, ಸಿಟ್ಟು ಬಂದಾಗ, ದುಃಖ ಆದಾಗ ಅದನ್ನು ಬಾರಿಸುತ್ತಾನೆ. ಅವನಿಗೆ ಹೇಳಿಕೊಳ್ಳಲು ಯಾರೂ ಇಲ್ಲ. ಬೆಳ್ಳಿ ಮಗಳು, ಅವಳ ಹತ್ತಿರ ಎಲ್ಲ ಹೇಳಲು ಆಗುವುದಿಲ್ಲ. ಮಳೆಗಾಲದಲ್ಲಿ ಚರ್ಮ ಸಡಿಲವಾದರೆ ಬೆಂಕಿಗೆ ಕಾಯಿಸಬೇಕು ಎಂದು ನಮ್ಮ ಅಜ್ಜ ಹೇಳಿದ್ದಾರೆ.’

ಮಾರಾಯರೇ, ಇದಕ್ಕೆ ಒಂದು ಅಂಕವೇ? ನನ್ನ ಕೈಗೆ ಸಿಕ್ಕಿದ್ದರೆ ಐದಕ್ಕೆ ಆರು ಹಾಕುತ್ತಿದ್ದೆ. ‘ಬೆಳ್ಳಿ ಮಗಳು, ಅವಳ ಹತ್ತಿರ ಎಲ್ಲ ಹೇಳಲು ಆಗುವುದಿಲ್ಲ’ ಎಂಬ ಮಾತು ಯಾವ ಗೈಡಿನಲ್ಲಿದೆ, ತೋರಿಸಿ ನೋಡೋಣ. ಟೀಚರ್ ಬಯಸಿದ ಉತ್ತರವನ್ನೂ ನೀವು ಬರೆದಿದ್ದೀರಿ: ‘ದುಡಿಯು ಶೋಷಿತರ ಮೂಕವೇದನೆಯ ಸಂಕೇತ.’ ತಪ್ಪೇನಲ್ಲ. ಆದರೆ ಇದನ್ನು ಬರೆಯಲು ಕಾದಂಬರಿ ಓದಲೇಬೇಕೆಂದಿಲ್ಲ, ಅಲ್ವಾ? ಪುಸ್ತಕದ ಹೆಸರು ಗೊತ್ತಿದ್ದರೆ ಸಾಕು.

ಸಂಕೇತವೇ ಬೇಡ ಎಂದು ನಾನು ಹೇಳುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಕಯ್ಯಾರ ಕಿಞ್ಞಣ್ಣ ರೈಗಳು ‘ಬೆಂಕಿ ಬಿದ್ದಿದೆ ಮನೆಗೆ’ ಎಂದು ಬರೆದರು. ಯಾರೂ ಕೊಡಪಾನ ಹಿಡಿದುಕೊಂಡು ಅವರ ಊರು ಪೆರಡಾಲಕ್ಕೆ ಓಡಲಿಲ್ಲ. ಮನೆ ಯಾವುದು, ಬೆಂಕಿ ಯಾವುದು ಎಂದು ಅಕ್ಷರ ಬಾರದವರಿಗೂ ಗೊತ್ತಿತ್ತು. ಸಂಕೇತ ಇದ್ದರೆ ಹಾಗೆ ಇರಬೇಕು. ಇಷ್ಟನ್ನು ಟೀಚರ್ ಪರವಾಗಿ ಒಪ್ಪಿ ಮುಂದೆ ಹೋಗುತ್ತೇನೆ.

ನಮ್ಮೂರಲ್ಲಿ ಅಂಕ ಅಂದರೆ ಮೊದಲು ನೆನಪಾಗುವುದು ಕೋಳಿ ಅಂಕ, ಅಂದರೆ ಕೋಳಿ ಕಾಳಗ. ಅದರಿಂದ ನನಗೆ ಜನ್ನ ನೆನಪಾದ. 1209ರಲ್ಲಿ ಅವನು ಬರೆದ ‘ಯಶೋಧರ ಚರಿತೆ’ಯಲ್ಲಿ ಒಂದು ಹಿಟ್ಟಿನ ಕೋಳಿ ಉಂಟು. ಹೆಂಡತಿ ಮಾವುತನಿಗೆ ಮನಸೋತದ್ದನ್ನು ರಾಜ ಕಣ್ಣಾರೆ ನೋಡುತ್ತಾನೆ. ಅಮ್ಮನ ಹತ್ತಿರ ಅದನ್ನು ಹೇಳಲಾಗದೆ, ಕೆಟ್ಟ ಕನಸು ಬಿತ್ತು ಅನ್ನುತ್ತಾನೆ. ದೇವಿಗೆ ಬಲಿ ಕೊಡು ಎಂದು ಅಮ್ಮ. ಜೀವ ತೆಗೆಯಲಾರೆ ಎಂದು ಮಗ. ಕೊನೆಗೆ ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿಯುತ್ತಾರೆ. ಕಡಿದಾಗ ಅದು ಕೂಗುತ್ತದೆ! ಆ ಪಾಪಕ್ಕೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಮತ್ತೆ ಮತ್ತೆ ಹುಟ್ಟಿ ಸಾಯುತ್ತಾರೆ.

ಇದು ‘ಸಂಕಲ್ಪ ಹಿಂಸೆಯ ಸಂಕೇತ’, ಅಂದರೆ ಮನಸ್ಸಿನಲ್ಲೇ ಮಾಡಿದ ಹಿಂಸೆಯ ಸಂಕೇತ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು. ನನಗೂ ಕಾಲೇಜಿನಲ್ಲಿ ಹಾಗೇ ಬರೆಸಿದ್ದರು. ಆದರೆ ನಾನು ಚಿಕ್ಕವನಿದ್ದಾಗ ದೈವಕ್ಕೆ ಕೋಳಿ ಕೊಡುವುದನ್ನು ನೋಡಿದವನು. ಕತ್ತಿ ಬೀಳುವ ಮೊದಲು ಅದು ಹೇಗೆ ಕೂಗುತ್ತದೆ, ಆಮೇಲೆ ಅಂಗಳ ಹೇಗೆ ಮೌನವಾಗುತ್ತದೆ ಎಂದು ಗೊತ್ತು. ಹಿಟ್ಟಿನ ಮುದ್ದೆಯಿಂದ ಆ ಕೂಗು ಬಂತು ಎಂದು ಓದಿದಾಗ ಮೈ ಜುಮ್ಮೆಂದಿತ್ತು. ಅಂಕ ಸಿಕ್ಕಿದ್ದು ಮಾತ್ರ ಆ ಒಂದು ಸಾಲಿಗೆ.

ಪಾತ್ರದ ಮಾತಿಗೆ ಬರೋಣ. ಚೋಮನ ಧಣಿ ಸಂಕಪ್ಪಯ್ಯ ‘ಶೋಷಕ ವರ್ಗದ ಪ್ರತಿನಿಧಿ’ ಎಂದು ನಿಮ್ಮ ಗೈಡ್ ಖಂಡಿತ ಹೇಳುತ್ತದೆ. ಆದರೆ ಚೋಮನಿಗೆ ಉಳಲು ತುಂಡು ಭೂಮಿ ಕೊಡಬಹುದೇನೋ ಎಂದು ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗುತ್ತದೆ. ಅಡ್ಡ ಬರುವುದು ಅವನ ತಾಯಿ, ಅವಳ ಹಿಂದೆ ದಲಿತರಿಗೆ ಭೂಮಿ ಕೊಡಬಾರದೆಂಬ ಇಡೀ ಊರಿನ ಕಟ್ಟಳೆ. ಆ ಕರಗಿದ ಗಳಿಗೆಯೇ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು. ಚೋಮನ ಹತ್ತಿರ ಎತ್ತು ಉಂಟು, ಉಳಲು ನೆಲ ಇಲ್ಲ. ನೆಲ ಸಿಗಲು ಒಂದು ಮಾತು ಸಾಕಿತ್ತು. ‘ಪ್ರತಿನಿಧಿ’ ಎಂದು ಹಣೆಪಟ್ಟಿ ಹಚ್ಚಿದ ಕೂಡಲೇ ಆ ಗಳಿಗೆ ಮಾಯ.

ಪಾತ್ರ ವಿಮರ್ಶೆ ಎಂಬುದು ನಮಗೆ ಪಠ್ಯಪುಸ್ತಕದಿಂದ ಬಂದದ್ದೂ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ತಾಳಮದ್ದಳೆ ಎಂದರೆ ಮತ್ತೇನು? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತು ರಾತ್ರಿಯಿಡೀ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ನಾನು ಹುಡುಗನಿದ್ದಾಗ ಒಂದು ದೇವಸ್ಥಾನದಲ್ಲಿ ವಾಲಿವಧೆಯ ಕೂಟ. ರಾಮನ ಅರ್ಥ ಹೇಳುವವರು ಒಂದು ಗಂಟೆ ಧರ್ಮಸೂಕ್ಷ್ಮ ಬಿಡಿಸಿದರು. ಸಭೆ ತಲೆದೂಗಿತು. ನನ್ನ ಪಕ್ಕ ಒಬ್ಬ ಮುದುಕರು ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು. ‘ಎಂತ ಹೇಳಿದರೂ ಮರದ ಹಿಂದೆ ನಿಂತದ್ದು ನಿಂತದ್ದೇ’ ಎಂದರು, ಮೆಲ್ಲಗೆ. ಆ ಮರ ಯಾವುದರ ಸಂಕೇತ ಎಂದು ಅವರು ಕೇಳಲಿಲ್ಲ. ಅವರಿಗೆ ಮರ ಕಂಡಿತು, ಅದರ ಹಿಂದೆ ನಿಂತವನೂ ಕಂಡ.

ನಿಮ್ಮ ಮಗಳದ್ದು ಆ ಮುದುಕರ ಜಾತಿಯ ಓದು. ಅವಳನ್ನು ಬೈದಿರಲ್ಲ, ಅದೊಂದು ನನಗೆ ಸರಿ ಕಾಣಲಿಲ್ಲ. ಆದರೂ ನೀವು ಮಗಳ ಉತ್ತರವನ್ನು ಒಂದಕ್ಷರ ಬಿಡದೆ ಬರೆದು ಕಳಿಸಿದ್ದೀರಿ. ಒಳಗೊಳಗೇ ನಿಮಗೂ ಅದು ಇಷ್ಟವಾಗಿದೆ ಎಂದು ನನ್ನ ಗುಮಾನಿ.

ಟೀಚರನ್ನೂ ಜಾಸ್ತಿ ಬೈಯಲಾರೆ. ನಮ್ಮ ಜಿಲ್ಲೆಯ ಸ್ಥಿತಿ ನಿಮಗೆ ಗೊತ್ತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಓದಲು ಬಾರದವರನ್ನು ನೇಮಿಸಿದ ಸುದ್ದಿ ಆಗಾಗ ಬರುತ್ತದೆ. ಮಕ್ಕಳು ಕ್ಲಾಸ್ ಬಿಟ್ಟು ಗೇಟಿನಲ್ಲಿ ಕೂರುತ್ತಾರೆ. ನಾವು ಮನವಿ ಬರೆಯುತ್ತೇವೆ. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತ್ತು ಎಂದು ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುತ್ತೇವೆ. ಇತ್ತ ಕನ್ನಡ ಬಲ್ಲ ಟೀಚರಿಗೂ ಪೋರ್ಷನ್ ಮುಗಿಸುವ ಗಡಿಬಿಡಿ. ಇಡೀ ಕಾದಂಬರಿ ಓದಿಸಲು ಪುರುಸೊತ್ತಿಲ್ಲ. ಆಗ ಉಳಿಯುವುದು ಗೈಡ್. ಎತ್ತು ಕನಸಿನ ಸಂಕೇತ, ನದಿ ಬದುಕಿನ ಸಂಕೇತ! ಚೋಮನ ಮಗ ನೀಲ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಹೆದರಿ ಮುಟ್ಟದೆ ನಿಂತ ನದಿ ಅದು. ಅದಕ್ಕೆ ಬದುಕಿನ ಸಂಕೇತ ಅನ್ನುತ್ತಾರಲ್ಲ, ಏನು ಹೇಳುವುದು.

ನಮ್ಮ ಪತ್ರಿಕೆಯೂ ಸಾಚಾ ಅಲ್ಲ. ‘ಸಾಂಕೇತಿಕತೆ: ಒಂದು ಅಧ್ಯಯನ’ ಎಂಬ ಬಾಲ ಇರುವ ಲೇಖನಗಳು ಪ್ರತಿ ತಿಂಗಳೂ ಬರುತ್ತವೆ. ಪುಟ ತುಂಬದಿದ್ದಾಗ ನಾನೂ ಒಂದೆರಡು ಹಾಕಿದ್ದೇನೆ. ತಪ್ಪಾಯಿತು.

ಗೈಡ್ ಕೇಳಿದ್ದಿರಿ. ನನ್ನಲ್ಲಿ ಇಲ್ಲ, ಇದ್ದರೂ ಕೊಡುತ್ತಿರಲಿಲ್ಲ. ಬದಲಿಗೆ ನನ್ನದೇ ಒಂದು ಬೇಡಿಕೆ. ದುಡಿಗೆ ಯಾವ ಪ್ರಾಣಿಯ ಚರ್ಮ ಹಾಕುತ್ತಿದ್ದರು, ಆಟಿ ತಿಂಗಳ ಮಳೆಯಲ್ಲಿ ಎಷ್ಟು ಹೊತ್ತು ಕಾಯಿಸುತ್ತಿದ್ದರು, ಕಾದದ್ದು ಸಾಕು ಎಂದು ಹೇಗೆ ತಿಳಿಯುತ್ತಿತ್ತು ಎಂದು ಮಗಳು ಅಜ್ಜನ ಹತ್ತಿರ ಕೇಳಲಿ. ಎರಡು ಪುಟ ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ನೀವು ತಿದ್ದಬೇಡಿ.

— ಸಂಪಾದಕ