ಪಫರ್ ಮೀನನ್ನು ಬೇಕೆಂದೇ ಉಬ್ಬಿಸಿದರೆ ಅದಕ್ಕೆ ತೊಂದರೆ ಆಗುತ್ತಾ?

ನೀವು ಕೇಳಿದ್ದು ಇಷ್ಟು. ಹುಬ್ಬಳ್ಳಿಯಿಂದ ಶಿರಸಿಯ ನಿಮ್ಮ ಮನೆಗೆ ಒಂದು ಪಫರ್ ಮೀನು ತಂದಿದ್ದೀರಿ. ಹಸಿರು ಬೆನ್ನು, ಮೇಲೆ ಕಪ್ಪು ಚುಕ್ಕೆ. ಮೊದಲ ದಿನ ಬಲೆಯಲ್ಲಿ ಎತ್ತಿದಾಗ ಚೆಂಡಿನ ಹಾಗೆ ಉಬ್ಬಿತು. ಈಗ ಮಕ್ಕಳು ದಿನಾ "ಇನ್ನೊಂದ್ಸಲ ಉಬ್ಬಿಸು" ಅಂತ ಹಠ ಹಿಡಿದಿದ್ದಾರೆ. ಗಾಜು ತಟ್ಟಿ ಉಬ್ಬಿಸಬಹುದಾ? ಮೂರು ವಾರದಿಂದ ಉಬ್ಬಿಲ್ಲ, ಅದಕ್ಕೆ ಹುಷಾರಿಲ್ಲವಾ?

ದಯವಿಟ್ಟು ಉಬ್ಬಿಸಬೇಡಿ. ಮೂರು ವಾರದಿಂದ ಉಬ್ಬಿಲ್ಲ ಅನ್ನೋದು ಒಳ್ಳೆಯ ಸುದ್ದಿ. ನಾನು ಕಾರವಾರದವನು. ಇದೇ ಜಾತಿಯ ಒಂದು ಮೀನನ್ನು ಆರು ವರ್ಷದಿಂದ ಸಾಕುತ್ತಿದ್ದೇನೆ. ಇಷ್ಟು ದಿನದಲ್ಲಿ ಅದು ನನ್ನ ಕಣ್ಣೆದುರು ಉಬ್ಬಿದ್ದು ಮೂರೇ ಸಲ.

ಚಿಕ್ಕವನಿದ್ದಾಗ ನಾನೂ ನಿಮ್ಮ ಮಕ್ಕಳ ಹಾಗೇ ಇದ್ದೆ. ನಮ್ಮ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವಾಗ ಹುಡುಗರೆಲ್ಲ ಓಡಿ ಹೋಗುತ್ತಿದ್ದೆವು. ಬಂಗಡೆ, ತಾರ್ಲೆ ಬುಟ್ಟಿಗೆ ಹೋಗುತ್ತಿತ್ತು. ಪಫರ್ ಮೀನನ್ನು ಯಾರೂ ತಿನ್ನುವುದಿಲ್ಲವಲ್ಲ, ಮರಳಿಗೆ ಎಸೆಯುತ್ತಿದ್ದರು. ಅದು ಗಾಳಿ ನುಂಗಿ ಉಬ್ಬುತ್ತಿತ್ತು. ನಾವು ಅದನ್ನು ಕಾಲಲ್ಲಿ ಒದ್ದು ಆಡುತ್ತಿದ್ದೆವು. ಅದು ಹೆದರಿ ಸಾಯುತ್ತಿದೆ ಅಂತ ಯಾರೂ ಹೇಳಿಕೊಡಲಿಲ್ಲ. ಈಗಲೂ ನೆನಪಾದರೆ ಸಂಕಟ ಆಗುತ್ತದೆ. ನಿಮ್ಮ ಪ್ರಶ್ನೆಗೆ ಇಷ್ಟುದ್ದ ಬರೆಯಲು ಕೂತಿದ್ದೂ ಅದಕ್ಕೇ.

ಈ ಮೀನು ಜೋರಾಗಿ ಈಜಲಾರದು. ಬೇರೆ ಮೀನಿನ ಹಾಗೆ ಬಾಲ ಬಡಿದು ಓಡುವುದಿಲ್ಲ. ಬೆನ್ನಿನ ಮತ್ತು ಹೊಟ್ಟೆ ಕಡೆಯ ಸಣ್ಣ ರೆಕ್ಕೆ ಆಡಿಸುತ್ತಾ ತೇಲುತ್ತದೆ. ದೊಡ್ಡ ಮೀನು ಬಾಯಿ ತೆರೆದು ಬಂದರೆ ಓಡಿ ಉಳಿಯುವುದು ಕಷ್ಟ. ಆಗ ಗಟಗಟ ನೀರು ನುಂಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಬಾಯಿಗೆ ಹಿಡಿಸದಷ್ಟು ದಪ್ಪ ಆಗುತ್ತದೆ. ಮಲಗಿದ್ದ ಸಣ್ಣ ಮುಳ್ಳುಗಳೂ ಎದ್ದು ನಿಲ್ಲುತ್ತವೆ.

ಆ ನೀರು ಹೋಗುವುದು ಹೊಟ್ಟೆಗೆ, ಅಂದರೆ ಜಠರಕ್ಕೇ. ಪಫರ್ ಮೀನಿನ ಜಠರ ಊಟ ಜೀರ್ಣಿಸುವ ಕೆಲಸವನ್ನು ಬಿಟ್ಟುಬಿಟ್ಟಿದೆ, ಅದನ್ನೆಲ್ಲ ಕರುಳೇ ನೋಡಿಕೊಳ್ಳುತ್ತದೆ. ಜಠರ ಮಡಿಕೆ ಮಡಿಕೆಯಾಗಿರುವ ಒಂದು ಚೀಲ, ನೀರು ತುಂಬಿಕೊಳ್ಳಲೆಂದೇ ಇದ್ದ ಹಾಗೆ. ಅಡ್ಡ ಬರಲು ಪಕ್ಕೆಲುಬೂ ಇಲ್ಲ. ಚರ್ಮ ರಬ್ಬರಿನ ಹಾಗೆ ಹಿಗ್ಗುತ್ತದೆ. ಒಂದು ಜೀವ ಬರೀ ಉಳಿಯುವುದಕ್ಕಾಗಿ ತನ್ನ ಹೊಟ್ಟೆಯ ಕೆಲಸವನ್ನೇ ಬದಲಿಸಿಕೊಂಡಿದೆ. ನನಗೆ ಇದು ಎಷ್ಟು ಸಲ ಯೋಚಿಸಿದರೂ ಅಚ್ಚರಿ.

ಉಬ್ಬಿದಾಗ ಉಸಿರು ಬಿಗಿ ಹಿಡಿಯುತ್ತದೆ ಅಂತ ಬಹಳ ಜನ ನಂಬಿದ್ದರು. ಆಸ್ಟ್ರೇಲಿಯಾದಲ್ಲಿ ಹವಳದ ದಿಬ್ಬದ ಒಂದು ಸಣ್ಣ ಪಫರ್ ಮೇಲೆ ವಿಜ್ಞಾನಿಗಳು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ಕಿವಿರು ಕೆಲಸ ಮಾಡುತ್ತಲೇ ಇರುತ್ತದೆ, ಉಸಿರು ನಿಲ್ಲುವುದಿಲ್ಲ ಅಂತ ಗೊತ್ತಾಯಿತು. ಆದರೆ ಉಬ್ಬಿದ ಮೀನು ಸುಮ್ಮನಿದ್ದಾಗಿನಕ್ಕಿಂತ ಸುಮಾರು 5 ಪಟ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ. ಇಳಿದ ಮೇಲೂ ಮೊದಲಿನ ಸ್ಥಿತಿಗೆ ಬರಲು ಸರಾಸರಿ ಐದೂವರೆ ಗಂಟೆಗಿಂತ ಜಾಸ್ತಿ ಬೇಕು. ನೀವು ಬೆಳಿಗ್ಗೆ ಒಂದು ನಿಮಿಷ ಗಾಜು ತಟ್ಟಿದರೆ ಅದು ಮಧ್ಯಾಹ್ನದವರೆಗೆ ಸುಧಾರಿಸಿಕೊಳ್ಳಬೇಕು. ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಹೇಗೆ ಅಂತ ನಿಮಗೇ ಗೊತ್ತು. ಫಿಲ್ಟರ್ ನಿಂತ ತೊಟ್ಟಿಯಲ್ಲಿ ಮೀನು ಉಬ್ಬಿದರೆ ನೀರಿನಲ್ಲಿ ಆಮ್ಲಜನಕ ಸಾಕಾಗದೇ ಹೋಗಬಹುದು. ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಈಗಲೇ ತಂದಿಟ್ಟುಕೊಳ್ಳಿ.

ಬಲೆಯಲ್ಲಿ ಎತ್ತಿದಾಗ ಉಬ್ಬಿತು ಅಂದಿರಲ್ಲ, ನನಗೆ ಹೆಚ್ಚು ಚಿಂತೆ ಆಗಿದ್ದು ಅಲ್ಲಿ. ನೀರಿನಿಂದ ಹೊರಗೆ ತೆಗೆದರೆ ಅದು ನೀರಿನ ಬದಲು ಗಾಳಿ ನುಂಗುತ್ತದೆ. ನೀರನ್ನಾದರೆ ಸುಲಭವಾಗಿ ಉಗುಳುತ್ತದೆ, ಗಾಳಿಯನ್ನು ಕೆಲವೊಮ್ಮೆ ಉಗುಳಲು ಆಗುವುದಿಲ್ಲ. ಮೊದಲ ವರ್ಷ ತೊಟ್ಟಿ ತೊಳೆಯುವಾಗ ನಾನೂ ಬಲೆ ಹಾಕಿ ಎತ್ತಿದ್ದೆ. ವಾಪಸ್ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲತೊಡಗಿತು. ಕೈ ನಡುಗುತ್ತಿತ್ತು. ಒದ್ದೆ ಕೈಯಲ್ಲಿ ಅದನ್ನು ನೀರೊಳಗೇ ಹಿಡಿದೆ, ಬಾಯಿ ಮೇಲೆ, ಬಾಲ ಕೆಳಗೆ. ಮೆಲ್ಲಗೆ ಅಲುಗಿಸಿದೆ. ಸ್ವಲ್ಪ ಹೊತ್ತಿಗೆ ಗುಳ್ಳೆ ಬಂತು, ಆಮೇಲೆ ಇನ್ನಷ್ಟು ಬಂತು. ಹೊಟ್ಟೆ ಹಿಂಡಬಾರದು, ಇದನ್ನು ನೆನಪಿಡಿ. ಅವತ್ತಿನಿಂದ ಬಲೆ ಮುಟ್ಟಿಲ್ಲ. ಮಗ್ಗನ್ನೋ ಡಬ್ಬಿಯನ್ನೋ ನೀರೊಳಗೆ ಮುಳುಗಿಸಿ, ಮೀನನ್ನು ಅದರೊಳಗೆ ಓಡಿಸಿ, ನೀರಿನ ಸಮೇತ ಎತ್ತುತ್ತೇನೆ.

ಉಳಿದ ಎರಡು ಸಲ ಅದು ತಾನಾಗಿಯೇ ಉಬ್ಬಿತು. ಯಾರೂ ಹೆದರಿಸಿರಲಿಲ್ಲ. ಅರ್ಧ ನಿಮಿಷದಲ್ಲಿ ಇಳಿದು ಏನೂ ಆಗದ ಹಾಗೆ ಓಡಾಡಿತು. ಹಾಗಾದರೆ ಗಾಬರಿ ಬೇಡ. ಪದೇ ಪದೇ ಆದರೆ ಮಾತ್ರ ಮೊದಲು ನೀರು ಪರೀಕ್ಷೆ ಮಾಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು.

ನೀರಿನ ಮಾತು ಬಂತು, ನೀವು ಬಾವಿ ನೀರಲ್ಲಿ ಇಟ್ಟಿದ್ದೇನೆ ಅಂದಿದ್ದೀರಿ. ಅಂಗಡಿಯಲ್ಲಿ ಈ ಮೀನನ್ನು ಸಿಹಿನೀರಿನದು ಅಂತಲೇ ಮಾರುತ್ತಾರೆ. ಆದರೆ ಇದು ಅಳಿವೆಯ ಮೀನು. ನಮ್ಮ ಕಾಳಿ ನದಿ ಸಮುದ್ರ ಸೇರುವಲ್ಲಿ, ಕುಮಟಾ ಕಡೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಇರುತ್ತದಲ್ಲ, ಆ ಥರದ ಸವಳು ನೀರು ಇದಕ್ಕೆ ಬೇಕು. ಮರಿಯಿದ್ದಾಗ ಸಿಹಿನೀರಲ್ಲಿ ತಡೆದುಕೊಳ್ಳುತ್ತದೆ, ಬೆಳೆದಂತೆ ಸೊರಗುತ್ತದೆ. ಅಡುಗೆ ಉಪ್ಪು ಬೇಡ, ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪೇ ಬೇಕು. ಉಪ್ಪುನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತಂದು 1.005ರಿಂದ ಶುರು ಮಾಡಿ. ವಾರಕ್ಕೆ 0.002ಕ್ಕಿಂತ ಜಾಸ್ತಿ ಏರಿಸಬೇಡಿ. ಸಮುದ್ರದ ನೀರು ಸುಮಾರು 1.025 ಇರುತ್ತದೆ, ನನ್ನದು ಈಗ 1.015ರಲ್ಲಿದೆ. ಇದು 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಬೆಳೆದ ಒಂದು ಮೀನಿಗೆ ನೂರು ಲೀಟರ್ ಮೇಲೆ ತೊಟ್ಟಿ ಬೇಕು. ಜೊತೆಗೆ ಬೇರೆ ಮೀನು ಬಿಡಬೇಡಿ, ರೆಕ್ಕೆ ಕಚ್ಚಿ ಹರಿಯುತ್ತದೆ.

ಊಟಕ್ಕೆ ಅಂಗಡಿಯ ಮೀನಿನ ಕಾಳು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಇದರ ಬಾಯಲ್ಲಿ ನಾಲ್ಕು ಹಲ್ಲು ಕೂಡಿ ಗಿಳಿಯ ಕೊಕ್ಕಿನ ಹಾಗಿದೆ. ಆ ಹಲ್ಲು ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಚಿಪ್ಪು ಕಡಿದು ಸವೆಸದಿದ್ದರೆ ಬಾಯಿ ತೆರೆಯಲಾಗದೆ ಉಪವಾಸ ಬೀಳುತ್ತದೆ. ಕುಮಟಾದಿಂದ ನಿಮ್ಮೂರಿಗೆ ಮೀನು ಬರುತ್ತದೆ ಅಲ್ವಾ? ಚಿಪ್ಪಿನ ಸಮೇತ ಬಳಚು, ಸಿಪ್ಪೆ ಬಿಡಿಸದ ಸಿಗಡಿ, ಸಣ್ಣ ಏಡಿಯ ಕಾಲು ತನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೊದಲೇ ಫ್ರೀಜರ್‌ನಲ್ಲಿ ಇಟ್ಟುಕೊಳ್ಳಿ. ತೊಟ್ಟಿಯಲ್ಲೇ ಬೆಳೆಸಿದ ಸಣ್ಣ ಬಸವನಹುಳು ಇನ್ನೂ ಒಳ್ಳೆಯದು. ಆದರೆ ಅಡಿಕೆ ತೋಟದ ಹುಳು ಹೆಕ್ಕಿ ಹಾಕಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ತಾಮ್ರ ಮೀನಿಗೆ ವಿಷ, ಹುರುಪೆ ಇಲ್ಲದ ಈ ಮೀನಿಗಂತೂ ಬೇಗ ತಾಗುತ್ತದೆ. ತೋಟದ ಪಕ್ಕದ ಬಾವಿಯಾದರೆ ಔಷಧಿ ಹೊಡೆದ ದಿನಗಳಲ್ಲಿ ಆ ನೀರೂ ಬೇಡ.

ವಿಷದ ಬಗ್ಗೆ ಮನೆಯವರಿಗೆಲ್ಲ ಹೇಳಿಡಿ. ಪಫರ್ ಮೀನುಗಳ ಪಿತ್ತಜನಕಾಂಗ, ಮೊಟ್ಟೆ, ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ತೊಟ್ಟಿಯ ನೀರು ಮುಟ್ಟಿದರೆ ಏನೂ ಆಗುವುದಿಲ್ಲ, ಕೈ ತೊಳೆದರೆ ಸಾಕು. ಮೀನು ಸತ್ತರೆ ಮಾತ್ರ ಬೆಕ್ಕು, ನಾಯಿಗೆ ಸಿಗದ ಹಾಗೆ ಆಳಕ್ಕೆ ಹೂಳಿ. ಸಾಕಲಾಗದಿದ್ದರೆ ಕೆರೆಗೆ, ಹೊಳೆಗೆ ಬಿಡಬೇಡಿ, ಸಾಕುವ ಇನ್ನೊಬ್ಬರಿಗೆ ಕೊಡಿ.

ಮಕ್ಕಳನ್ನು ಊಟದ ಹೊತ್ತಿಗೆ ತೊಟ್ಟಿಯ ಮುಂದೆ ಕೂರಿಸಿ. ಒಂದು ಬಸವನಹುಳು ಹಾಕಿ, ಸದ್ದು ಮಾಡದೆ ನೋಡಲು ಹೇಳಿ. ಎರಡು ಕಣ್ಣನ್ನು ಬೇರೆ ಬೇರೆ ಕಡೆ ತಿರುಗಿಸುತ್ತಾ ಅದು ಹುಳುವಿನ ಸುತ್ತ ಬರುತ್ತದೆ, ನಿಲ್ಲುತ್ತದೆ, ಅಂದಾಜು ಮಾಡುತ್ತದೆ. ಆಮೇಲೆ ಕಟಕ್ ಅಂತ ಚಿಪ್ಪು ಒಡೆದ ಸದ್ದು ಗಾಜಿನ ಹೊರಗೂ ಕೇಳುತ್ತದೆ. ನನ್ನ ಮಗಳು ದಿನಾ ಸಂಜೆ ಆ ಸದ್ದಿಗೇ ಕಾಯುತ್ತಾಳೆ.