ಬಾಗಲಕೋಟೆಯ ಟೀಚರ್ ತಂಗಿಗೆ, ದುಬೈಯಿಂದ

ತಂಗಿ, ನವನಗರದ ಖಾಸಗಿ ಶಾಲೆಯಲ್ಲಿ ಆರು ವರ್ಷ ಗಣಿತ ಕಲಿಸಿದ್ದೀಯ. ದುಬೈ ಶಾಲೆಯಿಂದ ಕರೆ ಬಂದಿದೆ. ಸಂಬಳ ಸಾಕಾಗುತ್ತಾ, ಶಾಲೆಯವರು ಇಟ್ಟುಕೊಂಡಿರೋ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹೇಗೆ ಬಿಡಿಸಿಕೊಳ್ಳೋದು, ವರ್ಷದ ನಡುವೆ ಬಿಟ್ಟು ಬರಬಹುದಾ ಅಂತ ಕೇಳಿದ್ದೀಯ.

ಸಂಬಳ ಬಾಡಿಗೆ ಕಳೆದು ಲೆಕ್ಕ ಹಾಕು. ಬೇಸಿಕ್, ಅಂದರೆ ಭತ್ಯೆ ಬಿಟ್ಟ ಮೂಲ ಸಂಬಳ, ಎಷ್ಟು ಅಂತ ಕೇಳು, ಕೆಲಸ ಬಿಡುವಾಗ ಸಿಗೋ ಗ್ರಾಚ್ಯುಟಿ ಅದರ ಮೇಲೇ ಬರೋದು. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಒಂದು ವರ್ಷ ತುಂಬದೆ ಬಿಟ್ಟರೆ ಏನೂ ಇಲ್ಲ. ಒರಿಜಿನಲ್ ಇಲ್ಲದೆ ಅಟೆಸ್ಟೇಶನ್, ಅಂದರೆ ಸರ್ಟಿಫಿಕೇಟ್ ಅಸಲಿ ಅಂತ ಸರ್ಕಾರದ ಮುದ್ರೆ ಹಾಕಿಸೋದು, ಆಗಲ್ಲ. ಇವತ್ತೇ ಅರ್ಜಿ ಬರೆದು ಕೊಡು, ಸ್ವೀಕೃತಿ ಸಹಿ ಹಾಕಿಸಿಕೋ.

ನಾನು ಹೊರಟಿದ್ದು 2011ರ ಜನವರಿ, ನಮ್ಮೂರು ಆಗ ಇನ್ನೂ ಬಿಜಾಪುರ. ಟೀಚರ್‌ಗಳನ್ನು ಉಳಿಸಿಕೊಳ್ಳೋಕೆ ನಮ್ಮ ಶಾಲೆಗೆ ಗೊತ್ತಿದ್ದ ದಾರಿ ಒಂದೇ: ಕಪಾಟಿನ ಬೀಗ. ತರಬೇತಿ ಅಂದರೆ ಜೂನ್‌ನಲ್ಲಿ ಪುಸ್ತಕದ ಕಂಪನಿಯವರು ಬಂದು, ಉಪ್ಪಿಟ್ಟು ಕೊಟ್ಟು, ಗೈಡ್ ತೋರಿಸಿ ಹೋಗೋದು. ನಾಲ್ಕು ವರ್ಷದಲ್ಲಿ ಹೆಡ್ ಮಾಸ್ತರರು ನನ್ನ ಕ್ಲಾಸಿಗೆ ಬಂದಿದ್ದು ಫೀ ಕಟ್ಟದ ಮಕ್ಕಳ ಹೆಸರು ಓದೋಕೆ ಮಾತ್ರ.

ಇಲ್ಲಿ ಎರಡನೇ ವಾರಕ್ಕೇ ಕೇರಳದ ಹಿರಿಯ ಟೀಚರ್ ಒಬ್ಬರು ಬಂದು ಹಿಂದಿನ ಸಾಲಿನಲ್ಲಿ ಕೂತರು. ಆಮೇಲೆ ಒಂದು ಚೀಟಿ ತೋರಿಸಿದರು. ನಾನು ಕೇಳಿದ 23 ಪ್ರಶ್ನೆಗಳಲ್ಲಿ 19ಕ್ಕೆ ನಾನೇ ಉತ್ತರ ಹೇಳಿಬಿಟ್ಟಿದ್ದೆ! "ಪ್ರಶ್ನೆ ಕೇಳಿ, ಮನಸ್ಸಲ್ಲೇ ಐದು ಎಣಿಸಿ" ಅಂದರು. ಮುಂದಿನ ತಿಂಗಳು ಮತ್ತೆ ಬಂದು ಎಣಿಸಿದರು. ಬೇರೆ ಶಾಲೆಯವರು 500 ದಿರ್ಹಂ ಜಾಸ್ತಿ ಕೊಡ್ತೀವಿ ಅಂದಾಗಲೂ ನಾನು ಹೋಗಲಿಲ್ಲ. ಹಾಗಂತ ಇದೇನು ಸ್ವರ್ಗ ಅಲ್ಲ. ಇಲ್ಲಿನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಕೆಎಚ್‌ಡಿಎಯ ತಪಾಸಣೆ ಇರೋ ವರ್ಷ ಫೈಲ್ ಬರೆದು ಬರೆದೇ ಸಾಕಾಗುತ್ತೆ. ಇಲ್ಲೂ ಬಿಟ್ಟು ಹೋಗೋರು ಹೋಗ್ತಾನೇ ಇರ್ತಾರೆ.

ನಿನ್ನ ಕೊನೆಯ ಪ್ರಶ್ನೆಗೆ ಬರ್ತೀನಿ. ನಾನು ನಡುವೆಯೇ ಬಿಟ್ಟೆ. ಮೂರು ತಿಂಗಳ ಸಂಬಳ ಕಟ್ಟಿ, ಅಡವಿಟ್ಟ ಬಂಗಾರದ ಹಾಗೆ ಮಾರ್ಕ್ಸ್ ಕಾರ್ಡ್ ಬಿಡಿಸಿಕೊಂಡೆ. ಲೆಕ್ಕ ಚುಕ್ತಾ ಅಂದುಕೊಂಡೆ. ಹತ್ತನೇ ಕ್ಲಾಸಿಗೆ ಸ್ಪರ್ಶಕದ ಪಾಠ ಇನ್ನೂ ಶುರುವೇ ಆಗಿರಲಿಲ್ಲ. ಎರಡು ವರ್ಷದ ಮೇಲೆ ಆಗಸ್ಟ್ ರಜೆಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ಓಡಿ ಬಂದು ಕೈ ಹಿಡಿದಳು. "ಅಕ್ಕೋರೆ, ನೀವು ಹ್ವಾದ ಮ್ಯಾಲ ಗಣಿತಕ್ಕ ಯಾರೂ ಬರಲಿಲ್ರಿ. ಹಿಂದಿ ಸರ್ ಬಂದು, ಪುಸ್ತಕ ನೋಡಿ ಬರಕೊಳ್ರಿ ಅಂದ್ರು" ಅಂದಳು. ಗಣಿತ ಒಂದರಲ್ಲೇ ಫೇಲ್ ಆಗಿದ್ದಳಂತೆ. ಸಿಟ್ಟೇನೂ ಇರಲಿಲ್ಲ. ದುಬೈನಲ್ಲಿ ಬಿಸಿಲು ನಮ್ಮೂರಿಗಿಂತ ಜಾಸ್ತೀನಾ ಅಂತ ಕೇಳಿದಳು. ಏನು ಹೇಳಿದೆನೋ ನೆನಪಿಲ್ಲ.

ನಿನ್ನನ್ನು ಕರೆದಿರೋದು ಸಿಬಿಎಸ್‌ಇ ಶಾಲೆ ಅಲ್ವಾ? ಅವುಗಳ ವರ್ಷ ಇಲ್ಲೂ ಏಪ್ರಿಲ್‌ಗೇ ಶುರು. ಮಾರ್ಚ್ ಮುಗಿಸಿ ಬರ್ತೀನಿ ಅಂತ ಈಗಲೇ ಬರೆದು ತಿಳಿಸು. ಒಪ್ಪದಿದ್ದರೆ ಬೇರೆ ಶಾಲೆ ನೋಡೋಣ. ಬರುವಾಗ ಅಮೀನಗಡದ ಕರದಂಟು ಒಂದು ಕೆಜಿ ತಾ. ದುಡ್ಡು ಇಲ್ಲಿ ಕೊಡ್ತೀನಿ.